ಸೌಟು ಮೇಸ್ತ್ರಿಯ ಹಸಿವು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರ ಹೆಸರು ಸೌಟು ಮೇಸ್ತ್ರಿ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಇನ್ಯಾವತ್ತೂ ಯಾರಿಗೂ ನೆನಪಾಗುತ್ತಿರಲಿಲ್ಲ. ಮೂರು ಪಾಳಿಯ ಜನ ಅವರ ಕೈಯಡುಗೆ ಉಂಡು ಯಂತ್ರದ ಮುಂದೆ ನಿಂತವರು. ಮೇಸ್ತ್ರಿ ಮಾತ್ರ ಹಂಡೆಯಿಂದೇಳುವ ಹಬೆಗೆ ಮೂಗೊಡ್ಡಿ "ಉಪ್ಪು ಸಾಲದು" ಅನ್ನುತ್ತಿದ್ದರೇ ಹೊರತು ನಾಲಿಗೆಗೆ ಹಚ್ಚಿ ನೋಡಿದವರಲ್ಲ. ಊಟದ ಗಂಟೆ ಹೊಡೆದ ಮೇಲೆ ಒಲೆ ಸಣ್ಣ ಮಾಡಿ, ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡು, ಬಡಿಸುವ ಕಟ್ಟೆಯ ಪಕ್ಕ ಬಂದು ನಿಲ್ಲುತ್ತಿದ್ದರು. ಮಾತಿಲ್ಲ ಕತೆಯಿಲ್ಲ, ಜನ ಉಣ್ಣುವುದನ್ನು ನೋಡುತ್ತಾ ನಿಲ್ಲುವುದಷ್ಟೆ. ಅವರು ಯಾವಾಗ ಉಣ್ಣುತ್ತಿದ್ದರೋ ಅದು ಅವರ ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲವಂತೆ. ಆ ತಾಯಿ ಹೋಗಿ ಬಹಳ ವರ್ಷವಾಯಿತು.

ಅಂಥವರ ಗಂಟಲಿಗೇ ಗಡ್ಡೆ ಬಂತು. ಕತ್ತರಿಸಿದರು, ಕ್ಯಾನ್ಸರಿಗೆ ಕೊಡುವ ಕರೆಂಟು ಕೊಟ್ಟರು. ಜೀವ ಉಳಿಯಿತು, ನುಂಗುವ ಶಕ್ತಿ ಹೋಯಿತು. ಬಾಯಿಗೆ ಹಾಕಿದ್ದು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯುತ್ತಿತ್ತು. ಅದಕ್ಕೇ ಮೂಗಿನಿಂದ ಹೊಟ್ಟೆಯವರೆಗೆ ಒಂದು ತೆಳ್ಳನೆಯ ಪೈಪು ಇಳಿಸಿದರು. ಆ ಪೈಪಿಗೆ ದೊಡ್ಡ ಸಿರಿಂಜು ಸಿಕ್ಕಿಸಿ, ಆಸ್ಪತ್ರೆಯವರು ಹೇಳಿದ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿ ನಿಧಾನಕ್ಕೆ ಬಿಡುವುದೇ ಅವರ ಊಟ. ದನಿಯೂ ಕರಗಿ ಪಿಸುಮಾತಾಗಿತ್ತು, ಹತ್ತಿರ ಹೋಗಿ ಕಿವಿ ಕೊಟ್ಟರೆ ಮಾತ್ರ ಕೇಳುವಂಥದ್ದು.

ಸಿರಿಂಜಿನ ಕೆಲಸ ಸೊಸೆಯ ಪಾಲಿಗೆ ಬಂತು. ಅವಳು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು, ಕೈ ನಡುಗದವಳು. ಮಗನಿಗೆ ತಂದೆಯ ಮೂಗಿನ ಪೈಪು ಕಂಡರೇ ಕಣ್ಣು ಕತ್ತಲೆ ಬರುತ್ತಿತ್ತು. ಅಗ್ನಿಶಾಮಕ ದಳದಲ್ಲಿದ್ದು ಉರಿಯುವ ಮನೆಗೆ ನುಗ್ಗುವ ಗಂಡಸು ಅವನು. ಹೆಂಡತಿ ಒಮ್ಮೆ ಹಾಸ್ಯಕ್ಕೆ ಅದನ್ನೇ ಎತ್ತಿ ಆಡಿದಳು. ಅವನ ಮುಖ ನೋಡಿದ ಮೇಲೆ ಮತ್ತೆ ಆಡಲಿಲ್ಲ.

ಮಾವನ ಮುಂದೆ ಉಣ್ಣುವುದನ್ನು ಬಿಡೋಣ ಅಂದವಳೂ ಅವಳೇ. "ಅವರ ಕಣ್ಣೆದುರು ನಾವು ಚಪ್ಪರಿಸ್ತಾ ಕೂತರೆ ಅವರ ಜೀವ ಹೇಗಾಗಬೇಡ?" ಅಂದಳು. ಅಂದಿನಿಂದ ಗಂಡ, ಹೆಂಡತಿ, ಮಗಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ತಟ್ಟೆ ಸದ್ದಾಗದ ಹಾಗೆ, ಕದ್ದು ತಿಂದಂತೆ ತಿಂದು ಏಳುತ್ತಿದ್ದರು. ಒಗ್ಗರಣೆ ಹಾಕುವುದೂ ನಿಂತಿತು. ಮಾವ ಹೊರಗೆ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಅವರಿಗೆ ಇದೇ ಮೇಲು ಅಂದುಕೊಂಡಿದ್ದರು ಎಲ್ಲರೂ.

ಬೇಸಿಗೆಯಲ್ಲಿ ದೂರದ ದೊಡ್ಡ ಆಸ್ಪತ್ರೆಯಿಂದ ಕರೆ ಬಂತು. ನುಂಗುವ ಶಕ್ತಿ ಏನಾದರೂ ಮರಳಿದೆಯೋ ನೋಡಬೇಕು, ಕರೆದುಕೊಂಡು ಬನ್ನಿ ಅಂದರು. ಬೇಸಿಗೆಯೆಂದರೆ ಬೆಂಕಿಯ ಕಾಲ. ಮಗನಿಗೆ ರಜೆ ಹುಟ್ಟಲಿಲ್ಲ. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವ ರೈಲು. ಸೊಸೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಾವನನ್ನು ಕರೆದುಕೊಂಡು ತಾನೇ ಹೊರಟಳು.

ಹೊರಡುವ ಮುಂಚೆ ಅವಳು ಯೋಚಿಸಿದ್ದು ಒಂದೆರಡಲ್ಲ. ಕಲಸಿಟ್ಟ ಆಹಾರ ಸೆಕೆಗೆ ಹಳಸುತ್ತದೆ, ಹಾಗಾಗಿ ಪುಡಿ ಬೇರೆ, ಕುದಿಸಿದ ನೀರು ಫ್ಲಾಸ್ಕಿನಲ್ಲಿ ಬೇರೆ. ಒಂದು ಸಿರಿಂಜು ಒಡೆದರೆ ಇನ್ನೊಂದು. ಮಾತ್ರೆಗಳನ್ನು ರೈಲಿನ ಕುಲುಕಾಟದಲ್ಲಿ ಅರೆಯುವುದು ಯಾಕೆಂದು ಮನೆಯಲ್ಲೇ ಪುಡಿ ಮಾಡಿ ಪೊಟ್ಟಣ ಕಟ್ಟಿದಳು. ಮಾವನಿಗೆ ಸಕ್ಕರೆ ಕಾಯಿಲೆಯೂ ಇತ್ತು. ಇನ್ಸುಲಿನ್ನಿನ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಕ್ಕರೆ ನೋಡುವ ಪುಟ್ಟ ಯಂತ್ರವನ್ನು ಕೈಚೀಲದ ಮೇಲ್ಭಾಗದಲ್ಲೇ ಇಟ್ಟಳು. ತನಗೆಂದು ಒಂದು ಡಬ್ಬಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದಿಷ್ಟು ಸೌತೆಕಾಯಿ ಹಾಕಿ ಎಲ್ಲದರ ಅಡಿಗೆ ತುರುಕಿದಳು.

ಕೆಳಗಿನ ಸೀಟು ಸಿಕ್ಕಿತ್ತು. ಎದುರಿಗೆ ಬಟ್ಟೆ ವ್ಯಾಪಾರಿಯೊಬ್ಬರು, ಅವರ ಹೆಂಡತಿ. ಒಳ್ಳೆಯ ಜನ, ಆದರೆ ಮೂಗು ತೂರಿಸದೆ ಇರಲಾರದವರು. ಬೆಳಗಿನ ಇನ್ಸುಲಿನ್ ಕೊಟ್ಟು ಆಹಾರ ಬಿಡಲು ಕೂತಾಗ ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದರು. ಅವಳು ಮಾವನನ್ನು ನೆಟ್ಟಗೆ ಕೂರಿಸಿ, ಪೈಪಿನ ಮೇಲೆ ಎಳೆದಿದ್ದ ಕಪ್ಪು ಗೆರೆ ಮೂಗಿನ ಹೊಳ್ಳೆಯ ಹತ್ತಿರವೇ ಇದೆಯೋ ಎಂದು ನೋಡಿದಳು. ಆ ಗೆರೆ ಸರಿದಿದ್ದರೆ ಪೈಪಿನ ಕೊನೆ ಹೊಟ್ಟೆಯಲ್ಲಿಲ್ಲ ಅಂತ ಅರ್ಥ. ಗೆರೆ ಸರಿಯಾಗಿತ್ತು. ರೈಲು ತಿರುವಿನಲ್ಲಿ ವಾಲಿದಾಗ ಮೊಣಕಾಲಿಂದ ಸೀಟನ್ನು ಒತ್ತಿ ಹಿಡಿದು, ಒಂದು ಹನಿಯೂ ಚೆಲ್ಲದೆ ಮುಗಿಸಿದಳು.

"ಪಾಪ, ಬಾಯಿಗೆ ಏನೂ ಇಲ್ವಾ?" ವ್ಯಾಪಾರಿಯ ಹೆಂಡತಿ ಕೇಳಿದಳು.

"ಇಲ್ಲ ಅಕ್ಕಾ."

"ಒಂದು ತೊಟ್ಟು ಕಾಫಿ?"

"ನೀರೂ ಇಲ್ಲ."

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು.

ಹೊತ್ತೇರಿದಂತೆ ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು ಬೋಗಿಯ ತುಂಬ ಹರಡಿತು. ಎದುರಿನವರು ಸಂಕೋಚದಿಂದ ಆ ಕಡೆ ತಿರುಗಿ ಕೂತು ಉಂಡರು. ಸೊಸೆ ತನ್ನ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು, "ಕೈ ತೊಳ್ಕೊಂಡು ಬರ್ತೀನಿ ಮಾವ," ಎಂದು ಬಾಗಿಲ ಬಳಿಯ ಬೇಸಿನ್ನಿನ ಹತ್ತಿರ ಹೋದಳು. ಅಲ್ಲಿ ಕಾಲಿಡಲು ಜಾಗವಿಲ್ಲ. ಮೂಟೆಗಳ ಮೇಲೆ ಜನ ಕೂತಿದ್ದರು. ಗಬ್ಬು ನಾತ ಬೇರೆ. ತೆರೆದ ಡಬ್ಬಿಯನ್ನು ಹಾಗೇ ಮುಚ್ಚಿ ಹಿಂದಿರುಗಿದಳು. ಅಷ್ಟರಲ್ಲಿ ರೈಲು ಒಂದು ನಿಲ್ದಾಣದಲ್ಲಿ ನಿಂತಿತ್ತು.

ಮೇಲಿನ ಸೀಟಿನವನೊಬ್ಬ ಇಳಿಯುವ ಅವಸರದಲ್ಲಿ ತನ್ನ ಚೀಲವನ್ನು ಜಗ್ಗಿ ಕೆಳಗೆಳೆದ. ಚೀಲದ ಪಟ್ಟಿ ಮಾವನ ಕಿವಿಯ ಹಿಂದೆ ಸುತ್ತಿ ಇಟ್ಟಿದ್ದ ಪೈಪಿಗೆ ಸಿಕ್ಕಿಕೊಂಡಿತು. ಮಾವನ ತಲೆ ಒಮ್ಮೆಲೇ ಪಕ್ಕಕ್ಕೆ ಎಳೆದ ಹಾಗಾಯಿತು. ಅವರು ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು, ಮೂಗು ಹಿಡಿದುಕೊಂಡರು. ಆ ಮನುಷ್ಯನಿಗೆ ಏನಾಯಿತೆಂದೂ ತಿಳಿಯಲಿಲ್ಲ, ಜನರ ನಡುವೆ ಇಳಿದು ಹೋಗಿಬಿಟ್ಟ. ಸೊಸೆ ಓಡಿ ಬಂದು ನೋಡಿದರೆ ಅಂಟುಪಟ್ಟಿ ಕಿತ್ತು ಬಂದಿತ್ತು. ಕಪ್ಪು ಗೆರೆ ಹೊಳ್ಳೆಯಿಂದ ಒಂದು ಗೇಣು ಹೊರಗಿತ್ತು.

ಅವಳು ಕೂಡಲೇ ಆಸ್ಪತ್ರೆಯ ವಾರ್ಡಿನ ನರ್ಸಿಗೆ ಫೋನು ಹಚ್ಚಿದಳು. ರೈಲು ಆಗಲೇ ಹೊರಟು, ಮಾತು ಕತ್ತರಿಸಿ ಕತ್ತರಿಸಿ ಬಂತು.

"ಒಳಗೆ ತಳ್ಳಬೇಡಿ. ಕೇಳಿಸ್ತಾ ಇದೆಯಾ? ತಳ್ಳಬೇಡಿ. ಪೈಪಲ್ಲಿ ಒಂದು ಹನಿ ನೀರೂ ಬಿಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ. ಬೆಳಿಗ್ಗೆ ಇನ್ಸುಲಿನ್ ಕೊಟ್ಟಿದ್ದೀರಾ?"

"ಕೊಟ್ಟಿದ್ದೀನಿ ಸಿಸ್ಟರ್."

"ಹಾಗಾದ್ರೆ ಸಕ್ಕರೆ ಇಳಿಯುತ್ತೆ. ನೋಡ್ತಾ ಇರಿ. ರೈಲಿನವರಿಗೆ ಹೇಳಿ, ಮುಂದಿನ ದೊಡ್ಡ ನಿಲ್ದಾಣಕ್ಕೆ ಡಾಕ್ಟರನ್ನ ಕರೆಸಿ. ಬೆವರೋಕೆ ಶುರುವಾದ್ರೆ ಸಕ್ಕರೆ ಒದ್ದೆ ಮಾಡಿ ಬೆರಳಲ್ಲಿ ತೊಗೊಂಡು ಕೆನ್ನೆ ಒಳಗೆ ಸವರಿ, ತಲೆ ಪಕ್ಕಕ್ಕೆ ವಾಲಿಸಿ. ಸವರೋದು ಅಷ್ಟೇ. ಕುಡಿಸಬೇಡಿ."

ವ್ಯಾಪಾರಿ ಎದ್ದು ಹೋಗಿ ಟಿ.ಸಿ.ಯನ್ನು ಹುಡುಕಿಕೊಂಡು ಬಂದರು. ಟಿ.ಸಿ. ಮಾತು ಕಡಿಮೆಯ ಮನುಷ್ಯ. ಪೈಪು ನೋಡಿದ, ಕೇಳಿಕೊಂಡ, ಅಲ್ಲೇ ನಿಂತು ಫೋನು ಮಾಡಿದ. "ಡಾಕ್ಟರು ಬರ್ತಾರೆ. ಆದ್ರೆ ಆ ನಿಲ್ದಾಣ ಇನ್ನೂ ದೂರ ಇದೆಯಮ್ಮ," ಅಂದ.

ಮಧ್ಯಾಹ್ನದ ಆಹಾರದ ಹೊತ್ತು ದಾಟಿತು. ಮಾವ ಬೆರಳಿಂದ ಸಿರಿಂಜಿನ ಕಡೆ ತೋರಿಸಿದರು. ಅವಳು ತಲೆಯಾಡಿಸಿದಳು. ಅವರು ತಾವೇ ಪೈಪಿನ ತುದಿ ಹಿಡಿದು ಒಳಗೆ ನೂಕಲು ಹೋದರು. ಅವಳು ಅವರ ಮಣಿಕಟ್ಟು ಹಿಡಿದಳು. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ದನಿಯೆತ್ತಿದವಳಲ್ಲ, ಈಗ ಕೈ ಹಿಡಿದು ತಡೆದಳು.

"ಬೇಡ ಮಾವ. ಕೈ ಮುಗೀತೀನಿ."

"ಹಸಿವಮ್ಮ," ಅಂದರು ಅವರು.

ಈ ಕಾಯಿಲೆ ಬಂದಾಗಿನಿಂದ ಆ ಮಾತು ಅವರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಆದರೂ ಕೈ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಬೆವರು ಮೂಡಿತು. ಯಂತ್ರದಲ್ಲಿ ನೋಡಿದರೆ ಸಕ್ಕರೆ ಇಳಿದಿತ್ತು. ಮಾವನ ನೋಟ ಎಲ್ಲೋ ತೇಲತೊಡಗಿತು. ಕೈಬೆರಳುಗಳು ಗಾಳಿಯಲ್ಲಿ ಏನನ್ನೋ ಹಿಡಿದು ತಿರುವುತ್ತಿದ್ದವು, ಹಂಡೆಯಲ್ಲಿ ಸೌಟಾಡಿಸುವ ಹಾಗೆ.

"ಸಕ್ಕರೆ ನೀರು ಕುಡಿಸಿ!" ವ್ಯಾಪಾರಿ ಲೋಟವನ್ನೇ ತಂದು ಹಿಡಿದರು. "ನನ್ನ ಕಣ್ಣಾರೆ ನೋಡಿದ್ದೀನಿ, ಒಂದು ಲೋಟ ಕುಡಿಸಿದ್ರೆ ಎದ್ದು ಕೂರ್ತಾರೆ."

"ಬೇರೆಯವರಿಗೆ ಸರಿ ಅಣ್ಣ. ಇವರಿಗೆ ಅದು ಉಸಿರಿಗೆ ಹೋಗುತ್ತೆ."

"ಹಾಗಂತ ಹಸಿದು ಸಾಯೋರ ಬಾಯಿಗೆ ನೀರೂ ಬಿಡಬಾರದಾ? ನಿಮ್ಮ ತಂದೆಯಾಗಿದ್ರೆ ಹೀಗೆ ಕೂರ್ತಿದ್ರಾ?"

ಪಕ್ಕದ ಸೀಟುಗಳಿಂದ ಕತ್ತುಗಳು ಈಚೆ ಚಾಚಿದವು. ಯಾರೋ "ಸೊಸೆಯಂತೆ" ಅಂದರು. ಆ ಒಂದು ಮಾತಿನಲ್ಲಿ ಎಲ್ಲ ಬಂತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು ಅವಳದು. ಕುಡಿಸಿದರೆ ಕೊಂದ ಹಾಗೆ, ಕುಡಿಸದಿದ್ದರೆ ಕೊಂದಳು ಅನ್ನಿಸಿಕೊಂಡ ಹಾಗೆ. ಹಲ್ಲು ಕಚ್ಚಿಕೊಂಡು ಹೇಳಿದಳು: "ಅಣ್ಣ, ನೀರು ಬೇಡ. ಸಕ್ಕರೆ ಮಾತ್ರ ಕೊಡಿ."

ವ್ಯಾಪಾರಿಯ ಹೆಂಡತಿ ಕಾಫಿಯ ಜೊತೆ ಬಂದಿದ್ದ ಸಕ್ಕರೆ ಪೊಟ್ಟಣಗಳನ್ನು ಹರಿದು ಅಂಗೈಗೆ ಸುರಿದಳು. ಸೊಸೆ ಕೈ ಒರೆಸಿಕೊಂಡು, ಬೆರಳು ಒದ್ದೆ ಮಾಡಿ, ಸಕ್ಕರೆ ಅದ್ದಿ, ಮಾವನ ತಲೆಯನ್ನು ತನ್ನ ಭುಜಕ್ಕೆ ವಾಲಿಸಿಕೊಂಡು ಕೆನ್ನೆಯ ಒಳಗೆ ಸವರಿದಳು. ಮತ್ತೆ ಅದ್ದಿ ಮತ್ತೆ ಸವರಿದಳು. ಮಾವನ ಮೈ ಮುಟ್ಟಿ ಅಭ್ಯಾಸವಿದ್ದರೂ ಬಾಯೊಳಗೆ ಬೆರಳಿಟ್ಟಿದ್ದು ಇದೇ ಮೊದಲು. ಒಣಗಿದ ನಾಲಿಗೆ ಮೆಲ್ಲಗೆ ಅಲ್ಲಾಡಿ ಅವಳ ಬೆರಳ ತುದಿಯನ್ನು ಹುಡುಕಿತು, ಎಳೆಗೂಸಿನ ಹಾಗೆ. ಅವಳಿಗೆ ತಡೆಯಲಾಗದೆ ಕಣ್ಣೀರು ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ವ್ಯಾಪಾರಿ ಲೋಟವನ್ನು ಕೆಳಗಿಟ್ಟು, ಮುಖ ತಗ್ಗಿಸಿ, ಟವೆಲಿನಿಂದ ಗಾಳಿ ಬೀಸತೊಡಗಿದರು.

ದೊಡ್ಡ ನಿಲ್ದಾಣದಲ್ಲಿ ಡಾಕ್ಟರಮ್ಮ ಕಾದಿದ್ದರು. ರೈಲು ಪೂರಾ ನಿಲ್ಲುವ ಮೊದಲೇ ಟಿ.ಸಿ. ಬಾಗಿಲಲ್ಲಿ ನಿಂತು ಕೈ ಬೀಸಿದ್ದ. ಅವರು ಬಂದವರೇ ಸಕ್ಕರೆ ನೋಡಿ, ಕೈಯ ನರ ಹುಡುಕಿ ಗ್ಲೂಕೋಸ್ ಕೊಟ್ಟರು. ನೋಡುತ್ತಿದ್ದಂತೆ ಮಾವನ ಕಣ್ಣು ತಿಳಿಯಾಯಿತು. ಡಾಕ್ಟರಮ್ಮ ಅರ್ಧ ಹೊರಬಂದ ಪೈಪನ್ನು ಪೂರ್ತಿ ಎಳೆದು ತೆಗೆದರು. "ಹೀಗೆ ನೇತಾಡೋದಕ್ಕಿಂತ ಇಲ್ಲದಿರೋದೇ ವಾಸಿ. ಕುಡಿಸದೆ ಇದ್ದಿದ್ದು ಒಳ್ಳೆಯದಾಯ್ತು. ಇಲ್ಲೇ ಇಳಿದು ಸೇರಿಸ್ತೀರೋ, ಮುಂದೆ ಹೋಗ್ತೀರೋ? ಡ್ರಿಪ್ ಹಾಕಿ ಕಳಿಸ್ತೀನಿ, ಅಲ್ಲೀವರೆಗೆ ತೊಂದರೆ ಇಲ್ಲ."

ಸೊಸೆ ಮಾವನ ಮುಖ ನೋಡಿದಳು. ಅವರು ಬೆರಳೆತ್ತಿ ರೈಲು ಹೋಗುವ ದಿಕ್ಕು ತೋರಿಸಿದರು.

ಬಟ್ಟೆ ತೂಗುಹಾಕುವ ಕೊಕ್ಕೆಗೆ ಗ್ಲೂಕೋಸ್ ಬಾಟಲಿ ಕಟ್ಟಿದ್ದಾಯಿತು. ವ್ಯಾಪಾರಿಯೂ ಹೆಂಡತಿಯೂ ಆ ನಿಲ್ದಾಣದಲ್ಲೇ ಇಳಿಯುವವರು. ಇಳಿಯುವಾಗ ವ್ಯಾಪಾರಿ ಟವೆಲನ್ನು ಮಡಿಸಿ ಮಾವನ ಪಕ್ಕ ಸೀಟಿನ ಮೇಲೆ ಬಿಟ್ಟು ಹೋದರು. ರೈಲು ಹೊರಟಿತು.

ಪೈಪಿಲ್ಲದ ಮಾವನ ಮುಖವನ್ನು ಅವಳು ಬಹಳ ದಿನಗಳ ಮೇಲೆ ನೋಡಿದಳು. ಮೂಗಿನ ಮೇಲೆ ಅಂಟುಪಟ್ಟಿಯ ಕಲೆ ಬೆಳ್ಳಗೆ ಉಳಿದಿತ್ತು. ಅವರು ಬೆರಳಿಂದ ಅವಳನ್ನು ಹತ್ತಿರ ಕರೆದರು.

"ನೀನು ಉಂಡೆಯಾ?"

"ಆಯ್ತು ಮಾವ. ಆಗಲೇ."

"ಎಲ್ಲಿ? ಆ ಬೇಸಿನ್ ಹತ್ರಾನಾ?"

ಅವಳು ಗ್ಲೂಕೋಸಿನ ಕೊಳವೆಯನ್ನು ನೇರ ಮಾಡಿದಳು.

"ಮೊಟ್ಟೆ ಬೇಯಿಸಿ ತಂದಿದ್ದೀಯ. ಹೆಚ್ಚು ಬೆಂದಿದೆ. ಚೀಲದಿಂದಲೇ ವಾಸನೆ ಬರ್ತಿದೆ." ಒಂದೊಂದು ಮಾತಿಗೂ ಅವರು ಉಸಿರು ಕೂಡಿಸಿಕೊಳ್ಳಬೇಕಿತ್ತು. "ಮನೇಲಿ ಬಾಗಿಲು ಹಾಕ್ಕೊಂಡು ತಿಂತೀರಿ. ವಾಸನೆ ಬಾಗಿಲಿನ ಮಾತು ಕೇಳುತ್ತಾ?"

"ನಿಮಗೆ ನೋವಾಗುತ್ತೆ ಅಂತ ಮಾವ."

"ನೋವು ಹಸಿವಿನದಲ್ಲ ಕಣಮ್ಮ." ಅವರು ಕಣ್ಣು ಮುಚ್ಚಿದರು, ಅವಳು ಕಾದಳು. "ನಾನು ತಿಂದು ಬದುಕಿದವನಲ್ಲ. ತಿನ್ನೋರನ್ನ ನೋಡಿ ಬದುಕಿದವನು. ಗಂಟಲನ್ನ ಕಾಯಿಲೆ ಕಿತ್ಕೊಳ್ತು, ಹೋಗ್ಲಿ. ಕಣ್ಣಿಗೂ ಬಾಗಿಲು ಹಾಕಿದ್ರಲ್ಲ ನೀವು. ಮೊಮ್ಮಗಳು ಹೊಟ್ಟೆ ತುಂಬ ತಿಂತಾಳೋ ಇಲ್ವೋ, ಅದೂ ಗೊತ್ತಿಲ್ಲ ನನಗೆ."

ಸೊಸೆಗೆ ತಲೆ ಎತ್ತಲಾಗಲಿಲ್ಲ. ಒಳ್ಳೆಯದೆಂದು ಮಾಡಿದ್ದು ಹೀಗೆ ಮುಳ್ಳಾಗಿತ್ತು. ನಾಲ್ಕು ಜನ ಆಡಿಕೊಂಡಾಗ ಆಗದ ನೋವು ಈ ಪಿಸುಮಾತಿಗಾಯಿತು.

"ತೆಗಿ," ಅಂದರು ಮಾವ. "ಇಲ್ಲಿ ಕೂತು ತಿನ್ನು."

ಅವಳು ಡಬ್ಬಿ ತೆಗೆದಳು. ಮೊದಲ ತುತ್ತು ಬಾಯಲ್ಲಿಟ್ಟುಕೊಂಡಳು. ಎರಡು ಕಣ್ಣು ತನ್ನ ದವಡೆಯನ್ನೇ ನೋಡುತ್ತಿವೆ. ಆ ನೋಟದಲ್ಲಿ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆಸೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ ಬಡಿಸುವ ಕಟ್ಟೆಯ ಪಕ್ಕ ನಿಂತವರ ಗಮನ ಇತ್ತು. ಅವಳು ಅಗಿದಳು, ನುಂಗಿದಳು.

"ಸೌತೆಕಾಯಿ ಕಹಿ ಇದೆಯಾ?"

"ಸ್ವಲ್ಪ."

"ತುದಿ ಕೊಯ್ದು ತಿಕ್ಕಬೇಕಿತ್ತು. ಎಷ್ಟು ಸಲ ಹೇಳಿದ್ದೀನಿ." ಅಂದವರೇ ಮಾವ ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಲುಕಿತು. ಅವಳಿಗೂ ಅಳುವಿನ ನಡುವೆ ನಗು ಬಂತು. ಮದುವೆಯಾದ ಹೊಸತರಲ್ಲಿ ಅವಳ ಅಡುಗೆಗೆ ಅವರು ಹುಳುಕು ಹುಡುಕದ ದಿನವಿರಲಿಲ್ಲ. ಆಗ ಅವಳು ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದಳು. ಈಗ ಆ ಹುಳುಕಿನ ಮಾತು ಕೇಳಿ ಜೀವ ಬಂದ ಹಾಗಾಯಿತು. ಡಬ್ಬಿ ಖಾಲಿಯಾಗುವವರೆಗೂ ಮಾವ ಕಣ್ಣು ಕೀಳಲಿಲ್ಲ. ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಆಸ್ಪತ್ರೆಯಲ್ಲಿ ಹೊಸ ಪೈಪು ಹಾಕಿ, ಎರಡು ದಿನ ಸುಧಾರಿಸಲು ಬಿಟ್ಟು, ನುಂಗುವ ಪರೀಕ್ಷೆ ಮಾಡಿದರು. ಎಕ್ಸ್‌ರೇ ಯಂತ್ರದ ಮುಂದೆ ಕೂರಿಸಿ ಒಂದು ಚಮಚ ಬೆಳ್ಳನೆಯ ದ್ರವ ಬಾಯಿಗೆ ಹಾಕಿ ನುಂಗಿ ಅಂದರು. ಸೊಸೆ ಗಾಜಿನ ಆಚೆ ನಿಂತು ಪರದೆ ನೋಡಿದಳು. ಯಾರೂ ವಿವರಿಸಬೇಕಾಗಿರಲಿಲ್ಲ. ಆ ಬಿಳಿ ಎಳೆ ಇಳಿಯಬೇಕಾದ ದಾರಿಯ ಬಾಯಲ್ಲಿ ಒಂದು ಗಳಿಗೆ ನಿಂತು, ಪಕ್ಕದ ದಾರಿಗೆ ಜಾರಿತು. ಮಾವನಿಗೆ ಕೆಮ್ಮು ಉಕ್ಕಿ ಬಂತು.

ದೊಡ್ಡ ಡಾಕ್ಟರು ಮಾತು ತೇಲಿಸಲಿಲ್ಲ. ಮಂಚದ ಅಂಚಿನಲ್ಲಿ ಕೂತು, ನೇರವಾಗಿ ಮಾವನಿಗೇ ಹೇಳಿದರು. ನುಂಗುವ ಶಕ್ತಿ ಮರಳಿಲ್ಲ, ಇನ್ನು ಮರಳುವ ಭರವಸೆ ಇಲ್ಲ. ಮೂಗಿನ ಪೈಪಿನಲ್ಲಿ ಎಷ್ಟು ಕಾಲ ಅಂತ ಇರುವುದು? ಹೊಟ್ಟೆಗೆ ಒಂದು ಸಣ್ಣ ರಂಧ್ರ ಮಾಡಿ ಅಲ್ಲಿಂದಲೇ ಪೈಪು ಇಡೋಣ. ಅಂಗಿಯ ಒಳಗೆ ಇರುತ್ತದೆ, ಹೀಗೆ ಸುಲಭಕ್ಕೆ ಕಿತ್ತು ಬರುವುದಿಲ್ಲ.

"ಎಷ್ಟು ದಿನ?" ಮಾವ ಕೇಳಿದರು.

ಡಾಕ್ಟರಿಗೆ ಕೇಳಿಸಲಿಲ್ಲ. ಸೊಸೆ ಆ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಹೇಳಬೇಕಾಯಿತು.

"ಇರೋ ತನಕ ಯಜಮಾನ್ರೇ," ಅಂದರು ಡಾಕ್ಟರು.

ಮಾವ ಬಹಳ ಹೊತ್ತು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. ಎಣ್ಣೆ ಸಿಡಿದ ಹಳೆಯ ಕಲೆಗಳಿದ್ದ ಕೈ. ಕೊನೆಗೆ ಆಗಲಿ ಎಂದು ತಲೆಯಾಡಿಸಿದರು. ಡಾಕ್ಟರು ಎದ್ದು ಹೋದ ಮೇಲೆ ಗೋಡೆಯ ಕಡೆ ಹೊರಳಿದರು. ಅವರ ಬೆನ್ನು ಏರಿ ಇಳಿಯುವುದನ್ನು ನೋಡುತ್ತಾ ಸೊಸೆ ಕೂತೇ ಇದ್ದಳು.

ಸುಮಾರು ಹೊತ್ತಾದ ಮೇಲೆ ಮಾವ ಈಚೆ ಹೊರಳಿದರು. "ಕೆಳಗೆ ಕ್ಯಾಂಟೀನಿದೆಯಲ್ಲ. ಹೋಗಿ ಉಂಡು ಬಾ."

"ನನಗೇನೂ ಸೇರಲ್ಲ ಮಾವ ಈಗ."

"ಉಂಡು ಬಾ. ಬಂದು ಹೇಳು."

ಅವಳು ಹೋಗಿ ಉಂಡು ಬಂದಳು. ಅನ್ನ ಹೇಗಿತ್ತು, ಸಾರು ಹೇಗಿತ್ತು, ಬಡಿಸುವವನು ತಟ್ಟೆಗೆ ಹೇಗೆ ಎಸೆದ, ಪಕ್ಕದಲ್ಲಿ ಕೂತ ಆಂಬುಲೆನ್ಸಿನ ಡ್ರೈವರ್ ಮೂರು ಸಲ ಹಾಕಿಸಿಕೊಂಡು ಹೇಗೆ ಉಂಡ, ಎಲ್ಲ ಹೇಳಿದಳು. ಮಾವ ನಡುನಡುವೆ ಕೈಯೆತ್ತಿ ತಡೆದು ಕೇಳಿದರು. ಅನ್ನ ಬಿಡಿಬಿಡಿ ಇತ್ತಾ? ಬಿಸಿ ಇತ್ತಾ? ಎಸೆದು ಬಡಿಸಿದ್ದು ಕೇಳಿ ಅವರಿಗೆ ನಿಜಕ್ಕೂ ಸಿಟ್ಟು ಬಂತು. ಬಡಿಸೋಕೆ ಬಾರದವನನ್ನ ಪಾತ್ರೆ ತೊಳೆಯೋಕೆ ಹಾಕಬೇಕು ಅಂದರು.

ಮಾರನೆಯ ದಿನ ಹೊಟ್ಟೆಗೆ ಪೈಪು ಹಾಕಿದರು. ಮಗ ಎರಡು ದಿನದ ರಜೆ ಗಿಟ್ಟಿಸಿ ಬಂದು ಇಬ್ಬರನ್ನೂ ಕರೆದೊಯ್ದ. ಊರಿಗೆ ಮರಳುವ ರೈಲಿನಲ್ಲಿ ಹೆಂಡತಿ ತೋರಿಸಿಕೊಟ್ಟಂತೆ ಅವನೇ ಸಿರಿಂಜು ಹಿಡಿದ. ಒಂದಿಷ್ಟು ಅಂಗಿಯ ಮೇಲೆ ಚೆಲ್ಲಿತು. "ಹೊಸ ಕೆಲಸದವನು," ಅಂದರು ತಂದೆ.

ಅದಾದ ಮೇಲೆ ಅವರು ಎರಡು ವರ್ಷಕ್ಕೂ ಮೇಲೆ ಬದುಕಿದರು. ಮನೆಯವರು ಉಣ್ಣುವಾಗ ಎದುರಿಗೆ ಕೂರುತ್ತಿದ್ದರು, ಮೊಮ್ಮಗಳ ತಟ್ಟೆಗೆ ಕಣ್ಣಲ್ಲೇ ಅಳತೆ ಹಾಕುತ್ತಿದ್ದರು. ಎಲ್ಲ ದಿನವೂ ಹಾಗೇ ಇತ್ತು ಅನ್ನುವ ಹಾಗಿಲ್ಲ. ಕೆಲವು ದಿನ ಉಣ್ಣುವವರ ನಡುವಿನಿಂದ ಸುಮ್ಮನೆ ಎದ್ದು, ಹಿತ್ತಲಿಗೆ ಹೋಗಿ ನಿಂತುಬಿಡುತ್ತಿದ್ದರು. ಅಂಥ ದಿನ ಮಗ ಹಿಂದೆಯೇ ಏಳಲು ಹೋದರೆ ಸೊಸೆ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದಳು. ಮೂವರೂ ತಟ್ಟೆಯಲ್ಲಿದ್ದದ್ದನ್ನು ಬಿಡದೆ ಉಂಡು ಮುಗಿಸಿ, ಆಮೇಲೆ ಏಳುತ್ತಿದ್ದರು.